ಗುಡ್ಡೆ ಹತ್ತಿದ ಹಲಸು

ಹಲಸಿನ ಹಣ್ಣನ್ನು ಮಗುವಿನ ಹಾಗೆ ಸೊಂಟದ ಮೇಲೆ ಕೂರಿಸಿಕೊಂಡು ನೀವು ಎಂದಾದರೂ ಗುಡ್ಡೆ ಹತ್ತಿದ್ದೀರಾ? ನಾನು ಹತ್ತಿದ್ದೇನೆ. ಇತ್ತೀಚೆಗೊಂದು ಭಾನುವಾರ, ಮೇ ತಿಂಗಳ ರಣಬಿಸಿಲಿನಲ್ಲಿ. ಯಾರೂ ಓಡಿಸಿಕೊಂಡು ಬಂದಿರಲಿಲ್ಲ.

ಕಾರಣ ನನ್ನ ನಾದಿನಿ ಶರ್ಮಿಳಾ. ಕಳೆದ ವರ್ಷ ಅಜೆಕಾರಿನ ಹತ್ತಿರದ ಇದೇ ಗುಡ್ಡೆ ಹತ್ತಲು ಹೋಗಿ, ಅರ್ಧದಿಂದ ವಾಪಸ್ ಬಂದಿದ್ದೆ. ಅಂದಿನಿಂದ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಹೆಸರು 'ಅರ್ಧ ಗುಡ್ಡೆ ಅತ್ತಿಗೆ'. ಮದುವೆ ಊಟದಲ್ಲಿ ಎರಡನೇ ಸಲ ಪಾಯಸ ಬೇಡ ಅಂದರೂ ಸಾಕು, "ಅತ್ತಿಗೆಯದ್ದು ಎಲ್ಲ ಅರ್ಧವೇ" ಎನ್ನುತ್ತಾಳೆ. ಎಷ್ಟು ಅಂತ ತಡೆದುಕೊಳ್ಳುವುದು? ಈ ಸಲ ತುದಿಯಲ್ಲಿ ನಿಂತು ಫೋಟೋ ಕಳಿಸುತ್ತೇನೆ ಅಂತ ಗ್ರೂಪಿನಲ್ಲೇ ಘೋಷಿಸಿಬಿಟ್ಟೆ.

"ಫೋಟೋ ಬರಲಿ ಅತ್ತಿಗೆ, ಮತ್ತೆ ಆ ಹೆಸರು ಎತ್ತುವುದಿಲ್ಲ" ಅಂತ ಉತ್ತರ ಬಂತು.

ಜೊತೆಗೆ ಹೊರಟವಳು ಕಟಪಾಡಿಯಲ್ಲಿ ನಮ್ಮ ಪಕ್ಕದ ಮನೆಯ ಜುಬೈದಾ. ಅವಳ ಗಂಡ ಇರುವುದು ಶಾರ್ಜಾದಲ್ಲಿ. ಬಸ್ಸಿಳಿದದ್ದೇ ತಡ, ಅವರಿಗೆ ವಿಡಿಯೋ ಕಾಲ್. "ಇದು ಮರ ನೋಡಿ. ಇಲ್ಲಿ ಇನ್ನೊಂದು ಮರ." ಕಾಡು ಅಂದ ಮೇಲೆ ಮರಕ್ಕೆ ಬರವೇ? ಗುಡ್ಡೆಯ ಅರ್ಧಕ್ಕೆ ಬರುವಾಗ ಅವಳ ಫೋನಿನ ಚಾರ್ಜ್ ಖಾಲಿ. ಉಳಿದದ್ದು ನನ್ನ ಫೋನ್ ಒಂದೇ.

ಆ ಅರ್ಧದಲ್ಲೇ ಒಂದು ಮನೆ. ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದ ಅಮ್ಮನ ಹತ್ತಿರ ನೀರು ಕೇಳಿದೆವು. ನಮ್ಮ ಕಡೆ ನೀರು ಕೇಳಿದವರಿಗೆ ಬರೀ ನೀರು ಕೊಡುವುದುಂಟೇ? ಮೊದಲು ಬೆಲ್ಲ ಬಂತು, ಆಮೇಲೆ ನೀರು ಬಂತು, ಕೊನೆಗೆ ಒಳಗಿನಿಂದ ಘಮಘಮ ಎನ್ನುವ ಹಲಸಿನ ಹಣ್ಣೂ ಬಂತು.

"ಬೇಡ ಅಮ್ಮ."

"ಎಂತ ಬೇಡ? ಮನೆಗೆ ಬಂದವರು ಬರಿಗೈಯಲ್ಲಿ ಹೋಗುವುದಾ?"

(ಕರಾವಳಿಯ ಅಮ್ಮಂದಿರಿಗೆ 'ಬೇಡ' ಅಂದರೆ 'ಇನ್ನೊಮ್ಮೆ ಒತ್ತಾಯ ಮಾಡಿ' ಎಂದರ್ಥ. ನನ್ನ ಅಡುಗೆಮನೆಯ ಕಾನೂನೂ ಅದೇ.)

"ಇಳಿದು ಬರುವಾಗ ತೆಗೆದುಕೊಂಡು ಹೋಗುತ್ತೇವೆ" ಎಂದೆ, ಜಾಣೆಯ ಹಾಗೆ.

"ಇಳಿಯುವುದು ಆಚೆ ಬದಿಯಿಂದ ಅಲ್ವಾ? ನಿಮಗೆ ಬಸ್ಸು ಸಿಗುವುದು ಅಲ್ಲಿಯೇ."

ಮುಗಿಯಿತು ಕಥೆ. ಹಣ್ಣು ನನ್ನ ಸೊಂಟ ಏರಿತು.

ತಿರುವು ದಾಟಿದ ಮೇಲೆ ಮೆಲ್ಲನೆ ಅಂದೆ, "ಇಲ್ಲೇ ಎಲ್ಲಾದರೂ ಇಟ್ಟು ಹೋಗುವ."

ಜುಬೈದಾ ಹೌಹಾರಿದಳು. "ಪ್ರೀತಿಯಿಂದ ಕೊಟ್ಟದ್ದನ್ನು ಬಿಸಾಡುವುದಾ ಮಾರಾಯ್ತಿ? ಆ ಅಮ್ಮನಿಗೆ ಗೊತ್ತಾದರೆ?"

ಅವರಿಗೆ ಗೊತ್ತಾಗುವುದು ಹೇಗೆ? ಕಾಡಿನಲ್ಲಿ ಸಿಸಿಟಿವಿ ಉಂಟಾ? ಆದರೂ ಹೊತ್ತೆವು. ಅವಳು ಸ್ವಲ್ಪ ದೂರ, ನಾನು ಸ್ವಲ್ಪ ದೂರ. ಮುಳ್ಳು ಚುಚ್ಚಿದಾಗಲೆಲ್ಲ ಶರ್ಮಿಳಾಳನ್ನು ನೆನೆದೆ. ಸಿಟ್ಟಿನಲ್ಲಿ ಏದುಸಿರು ಮರೆತುಹೋಗಿ, ನೋಡುತ್ತೇನೆ, ತುದಿ ಬಂದೇ ಬಿಟ್ಟಿದೆ! ಅಯ್ಯೋ ದೇವರೇ, ಎಂಥ ಖುಷಿ. ಬಂಡೆಯ ಮೇಲೆ ಕುಣಿಯುವುದೊಂದು ಬಾಕಿ. ಕೆಳಗೆ ಹಸಿರು ಕಾಡು, ದೂರದಲ್ಲಿ ಬಿಸಿಲಿನ ಮಬ್ಬು.

"ಅದು ನಂದಿಕೂರಿನ ಕರೆಂಟ್ ಫ್ಯಾಕ್ಟರಿಯ ಚಿಮಣಿ ಅಲ್ವಾ?" ಎಂದಳು ಜುಬೈದಾ.

"ಅದು ತಾಳೆಮರ."

ಆಗಲೇ ಫೋಟೋ ತೆಗೆಯಬೇಕಿತ್ತು. ಆದರೆ ಮುಖ ಬೆಂದ ಬೀಟ್‌ರೂಟ್ ಆಗಿತ್ತಲ್ಲ! ಶರ್ಮಿಳಾ ಝೂಮ್ ಮಾಡಿ ನೋಡುವವಳು. ಮುಖ ಸ್ವಲ್ಪ ತಣ್ಣಗಾಗಲಿ, ಅಷ್ಟರಲ್ಲಿ ಹಣ್ಣು ತಿನ್ನುವ ಅಂತ ಕೂತೆವು. ಮೆತ್ತಗಿನ ತುಳುವೆ ಹಲಸು, ಕತ್ತಿ ಬೇಡ, ಕೈಯಲ್ಲೇ ಬಿಡಿಸಿದೆವು. ಜೇನಿನಂಥ ತೊಳೆ. ನುಂಗಿದ್ದೇ ನುಂಗಿದ್ದು.

ಆಮೇಲೆ ಕೈ ನೋಡಿಕೊಂಡರೆ ಮೊಣಕೈವರೆಗೆ ಹಲಸಿನ ಅಂಟು ಮೇಣ!

ಹಲಸು ಬಿಡಿಸುವ ಮುಂಚೆ ಕೈಗೆ ತೆಂಗಿನೆಣ್ಣೆ ಹಚ್ಚಬೇಕು ಅಂತ ನಮ್ಮೂರಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಗುಡ್ಡೆಯ ಮೇಲೆ ಎಣ್ಣೆ ಎಲ್ಲಿಂದ? ಫೋನಿಗೆ ಬೆರಳು ಒತ್ತಿದೆ. ಯಾರು ನೀನು ಅಂತ ಕೇಳಿತು. ನಂಬರ್ ಒತ್ತಿದೆ. ಬೆರಳು ಅಂಟಿಕೊಂಡು ಒಂದು ಒತ್ತಿದರೆ ಎರಡು ಬಿತ್ತು. ಕೊನೆಗೆ ಫೋನು ಮುನಿಸಿಕೊಂಡು ಲಾಕ್ ಆಯಿತು. ಕ್ಯಾಮೆರಾದ ಕಣ್ಣಿಗೂ ಮೇಣ. ಬಾಟಲಿಯ ನೀರು ಸುರಿದರೂ ಜಪ್ಪಯ್ಯ ಅನ್ನಲಿಲ್ಲ. ಅಳುವೇ ಬಂತು.

ಆಗ ಜುಬೈದಾಳಿಗೆ ಹೊಳೆಯಿತು. "ನಿನ್ನ ತಲೆಯಲ್ಲಿ ಎಣ್ಣೆ ಉಂಟಲ್ವಾ? ಅದಕ್ಕೇ ಉಜ್ಜು!"

ಉಜ್ಜಿದೆ. ತಲೆಯ ಎಣ್ಣೆ ಕೈಗೆ ಬರಲಿಲ್ಲ. ಕೈಯ ಮೇಣ ಮಾತ್ರ ತಲೆಗೆ ಹೋಯಿತು.

ಫೋಟೋ ಇಲ್ಲದೆ ಗುಡ್ಡೆ ಇಳಿದೆವು. ಈಗಿನ ಕಾಲದಲ್ಲಿ ಫೋಟೋ ಇಲ್ಲದಿದ್ದರೆ ಹತ್ತಿದ್ದೂ ಸುಳ್ಳು, ಇಳಿದದ್ದೂ ಸುಳ್ಳು. ಊಟ ಮಾಡಿದ್ದಕ್ಕೇ ಸಾಕ್ಷಿ ಬೇಕು, ಇನ್ನು ಗುಡ್ಡೆಯನ್ನು ಬಾಯಿಮಾತಿಗೆ ಯಾರು ನಂಬುತ್ತಾರೆ? ಮನೆಗೆ ಬಂದು ಸೀಮೆಎಣ್ಣೆ, ತೆಂಗಿನೆಣ್ಣೆ ಎಲ್ಲ ಮುಗಿಸಿದ ಮೇಲೆ ನಮ್ಮ ಯಜಮಾನರು ಕತ್ತರಿ ಹಿಡಿದರು. ಎಡಗಡೆ ಕತ್ತರಿಸಿದ್ದಕ್ಕೆ ಬಲಗಡೆಯದ್ದನ್ನು ಸರಿಮಾಡಿದರು, ಬಲಕ್ಕೆ ಸರಿಯಾಗಲಿ ಅಂತ ಪುನಃ ಎಡಗಡೆ. ಉಳಿದದ್ದನ್ನು ಕೂದಲು ಅನ್ನುವುದು ಔದಾರ್ಯ.

ಮರುದಿನವೇ ಶರ್ಮಿಳಾ ಬಂದಳು. ನಾನು ಎದೆಯುಬ್ಬಿಸಿ ತಲೆ ಬಗ್ಗಿಸಿದೆ. "ನೋಡು, ತುದಿಗೆ ಹೋದದ್ದಕ್ಕೆ ಇದೇ ಸಾಕ್ಷಿ."

ಅವಳು ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದಳು. "ಅತ್ತಿಗೆ, ನಿಜ ಹೇಳಿ. ನೀವು ಹೋದದ್ದು ಅಜೆಕಾರಿಗಾ, ತಿರುಪತಿಗಾ?"

ಆಯಿತು ಮಾರಾಯ್ತಿ, ತಿರುಪತಿಗೇ ಅಂತ ಇಟ್ಟುಕೋ. ಅಲ್ಲಿ ಇರುವುದು ಏಳು ಬೆಟ್ಟ ಅಲ್ವಾ?