ಕಳ್ಳನಿಲ್ಲದ ಬೀದಿಯ ಕಾವಲುಗಾರ

ಆಟ ಊಟಕ್ಕಿಂತ ಮುಂಚೆಯೇ ಮುಗಿದುಹೋಯಿತು. ಬೆಳಗಿನ ದೋಸೆ ತಿಂದು ಟಿವಿಯ ಮುಂದೆ ವಿಡಿಯೋ ಗೇಮ್ ಆಡಲು ಕುಳಿತವರು, ಅನ್ನಕ್ಕೆ ಕುಕ್ಕರ್ ಇಡುವ ಹೊತ್ತಿಗೆ ಎದ್ದುಬಿಟ್ಟೆವು. ಲಾಂಗ್ ವೀಕೆಂಡ್ ಪೂರ್ತಿ ಅದಕ್ಕೇ ಬೇಕಾಗುತ್ತದೆ ಎಂದುಕೊಂಡು ನಾನು ಫ್ರಿಜ್ಜಿನ ತುಂಬ ಹಿಟ್ಟು ರುಬ್ಬಿಟ್ಟಿದ್ದೆ. ಅಷ್ಟು ಹಿಟ್ಟು ಹುಳಿ ಬಂದದ್ದೇ ಲಾಭ.

ಫ್ಲೂಗರ್‌ವಿಲ್‌ನ ನಮ್ಮ ಮನೆಯಲ್ಲಿ ಅವತ್ತು ಸೇರಿದ್ದವರು ಮೂವರು ಹಳೆಯ ಸ್ನೇಹಿತರು. ನಾನೊಬ್ಬಳು. ಮೈಸೂರಿನವಳಾದ ಗೆಳತಿ ಡಾಲಸ್ ಕಡೆಯ ಲಿಟಲ್ ಎಲ್ಮ್‌ನಿಂದ ಬಂದಿದ್ದಳು. ಅವಳ ಕೈಯಲ್ಲಿ ಚಿತ್ರಕಲೆ ಇದೆ. ಆದರೆ ಆಫೀಸಿನಲ್ಲಿ ಬ್ಯಾಂಕಿನ ಆ್ಯಪ್‌ಗೆ ಬಟನ್ ಬರೆಯುತ್ತಾಳೆ. ಮೂರನೆಯವನು ಹ್ಯೂಸ್ಟನ್‌ನಿಂದ ಬಂದ ವಿಜಯಪುರದ ಹುಡುಗ. ಯೂನಿವರ್ಸಿಟಿಯಲ್ಲಿ ನಮಗೆ ಜೂನಿಯರ್ ಆಗಿದ್ದವನು, ಈಗ ತಲೆಗೂದಲು ಉದುರಿದ್ದರೂ ನಮ್ಮ ಪಾಲಿಗೆ ಹುಡುಗನೇ. ಕೋಡ್ ಬರೆಯುವವನು ಅವನು. ನನ್ನ ಗಂಡ ಅಡುಗೆಮನೆಯಲ್ಲಿದ್ದ. ಅವನಿಗೆ ಆಟಗಳೆಂದರೆ ಕ್ರಿಕೆಟ್ ಮಾತ್ರ.

ನೆಪ ಏನೆಂದರೆ, ಕನ್ನಡ ಸಂಘದ ದೀಪಾವಳಿ ಸಂಚಿಕೆಗೆ ನಾನೊಂದು ಬರಹ ಕೊಡಬೇಕಿತ್ತು. ಸಂಚಿಕೆ ನೋಡಿಕೊಳ್ಳುವ ಅಂಕಲ್ ಫೋನ್ ಮಾಡಿ, “ಮಕ್ಕಳಿಗೂ ಏನಾದ್ರೂ ಇರಲಿ ಕಣಮ್ಮ. ಒಂದು ವಿಡಿಯೋ ಗೇಮ್ ಹೇಗಿದೆ ಅಂತ ಬರೆದುಕೊಡು. ಕೊನೇಲಿ ಮಾರ್ಕ್ಸ್ ಹಾಕು. ಮಾರ್ಕ್ಸ್ ಇದ್ರೆ ಅಪ್ಪ ಅಮ್ಮಂದಿರೂ ಓದ್ತಾರೆ” ಎಂದಿದ್ದರು. ರೌಂಡ್ ರಾಕ್‌ನ ಆಫೀಸಿನಲ್ಲಿ ನನ್ನ ಕೆಲಸ ಟೆಸ್ಟಿಂಗ್. ಇನ್ನೊಬ್ಬರು ಕಷ್ಟಪಟ್ಟು ಮಾಡಿದ್ದರಲ್ಲಿ ಹುಳುಕು ಹುಡುಕುವುದೇ ನನ್ನ ಹೊಟ್ಟೆಪಾಡು. ಖುಷಿಯಾಗಿಯೇ ಒಪ್ಪಿಕೊಂಡೆ.

ನಿಜವಾದ ಕಾರಣ ಬೇರೆ ಇತ್ತು. ನಾವು ಮೂವರೂ ಓದುವ ಕಾಲದಿಂದ ಒಂದು ಆಟ ಮಾಡುತ್ತಿದ್ದೆವು. ಮಾಡುತ್ತಿದ್ದೆವು ಎಂದರೆ, ಮಾಡುತ್ತೇವೆ ಎನ್ನುತ್ತಿದ್ದೆವು. ನಮ್ಮ ಕಡೆಯ ಒಂದು ಹಳೆಯ ಕೋಟೆ ಊರು, ಅದರಲ್ಲೊಬ್ಬ ಕಳ್ಳ. ಹೊಡೆದಾಡುವುದಕ್ಕಿಂತ ಯಾರ ಕಣ್ಣಿಗೂ ಬೀಳದೆ ನುಸುಳುವುದರಲ್ಲೇ ಅದರ ಮಜಾ. ಊರು ಪೂರ್ತಿ ತೆರೆದಿರಬೇಕು. ಆಡುವವರು ಯಾವ ಗಲ್ಲಿಗೆ ಬೇಕಾದರೂ ಹೋಗಬಹುದು, ಯಾವ ಮಾಳಿಗೆ ಬೇಕಾದರೂ ಹತ್ತಬಹುದು. ಈಗ ಬಂದಿದ್ದ ಈ ಆಟವೂ ಹೆಚ್ಚುಕಡಿಮೆ ಅಂಥದ್ದೇ ಎಂದು ಸುದ್ದಿಯಾಗಿತ್ತು. ಯಾರೋ ದೂರದೇಶದವರು ಮಾಡಿದ್ದು. ಒಂದು ಬಂದರಿನ ಊರು, ಅಧಿಕಾರಿಯ ಬಂಗಲೆಯಲ್ಲಿ ಬಂದಿಯಾದ ಊರಿನ ಗಂಟೆ, ಅದನ್ನು ಕದ್ದು ವಾಪಸ್ ತರಬೇಕಾದ ಒಬ್ಬ ಅಗಸರ ಹುಡುಗಿ.

ಯುಗಾದಿಗೆ ಸೇರಿದ್ದಾಗಲೇ ಹ್ಯೂಸ್ಟನ್‌ನವನು ಹೇಳಿಬಿಟ್ಟಿದ್ದ. ದೀಪಾವಳಿಯ ಆಸುಪಾಸಿಗೆ ಅವನ ಮನೆಗೆ ಮಗು ಬರುವುದಿತ್ತು. “ಅಕ್ಕಾರ, ಮಾಡೂದಾದ್ರ ಈ ವರ್ಷ ಮಾಡೂಣ್ರಿ. ಇಲ್ಲಾಂದ್ರ ಬಿಟ್ಟಬಿಡೂಣು. ಕೂಸು ಬಂದಮ್ಯಾಲ ನಾ ಕೈಗೆ ಸಿಗಾಂವಲ್ಲ.” ಹಾಗಾದರೆ ಈ ಹೊಸ ಆಟವನ್ನು ಮೊದಲು ನೋಡೋಣ, ನಮಗಿನ್ನೂ ಜಾಗ ಉಳಿದಿದೆಯೋ ಇಲ್ಲವೋ ತಿಳಿಯುತ್ತದೆ ಎಂದು ಮಾತಾಗಿತ್ತು. ಆಟ ಕೆಟ್ಟದಾಗಿರಲಿ ಎಂದು ನಾನು ಮನಸ್ಸಿನಲ್ಲೇ ಹರಕೆ ಹೊತ್ತಿದ್ದೆ. ವಿಮರ್ಶೆ ಬರೆಯುವವರ ಮನಸ್ಸು ಹೀಗಿರಬಾರದು. ಆದರೆ ಇತ್ತು.

ಶುರುವಿನಲ್ಲಿ ನನ್ನ ಹರಕೆ ಫಲಿಸುವಂತೆಯೇ ಕಂಡಿತು. ಕಾವಲುಗಾರರು ತಲೆಯೆತ್ತಿ ನೋಡುವುದೇ ಇಲ್ಲ. ಮಾಳಿಗೆ ಹತ್ತಿದರೆ ಅರ್ಧ ಆಟ ಗೆದ್ದಂತೆ. ಸಿಕ್ಕಿಬಿದ್ದಾಗಿನ ಹೊಡೆದಾಟ ಒರಟು, ಹುಡುಗಿ ಬಟ್ಟೆ ಒಗೆದ ಹಾಗೆ ಒಂದೇ ಸಮ ಕೈ ಬೀಸುತ್ತಾಳೆ. ಕೀಲಿ ಕದಿಯುವ ಕೆಲಸವೇ ಮತ್ತೆ ಮತ್ತೆ ಬರುತ್ತದೆ. ನಾನು ಇದನ್ನೆಲ್ಲ ಗಟ್ಟಿಯಾಗಿ ಹೇಳುತ್ತ ಹೋದೆ. ಉಳಿದಿಬ್ಬರು ಹೂಂಗುಟ್ಟಿದರು.

ಆಮೇಲೆ ಹೂಂಗುಟ್ಟುವುದು ನಿಂತಿತು. ಹುಡುಗಿ ಒಣಹಾಕಿದ ಬಟ್ಟೆಗಳ ಸಾಲಿನಲ್ಲಿ ಅಡಗುತ್ತಾಳೆ. ಬಟ್ಟೆ ಒದ್ದೆಯಿದ್ದರೆ ಅವಳ ಮೈಯಿಂದ ನೀರು ತೊಟ್ಟಿಕ್ಕಿ, ಕಲ್ಲಿನ ಮೇಲೆ ಬಿದ್ದ ಹನಿಗಳ ಜಾಡು ಹಿಡಿದು ಕಾವಲುಗಾರ ಬರುತ್ತಾನೆ. ಮರಳಿನ ಮೇಲೆ ನಡೆದರೆ ಸದ್ದಿಲ್ಲ, ಹೆಜ್ಜೆ ಉಳಿಯುತ್ತದೆ. ಹಂಚಿನ ಮೇಲೆ ಹೆಜ್ಜೆ ಉಳಿಯುವುದಿಲ್ಲ, ಸದ್ದಾಗುತ್ತದೆ. ಊರಿರುವುದೇ ನಾಲ್ಕಾರು ಓಣಿ. ಆದರೆ ಒಂದು ಕಳವು ಆದ ಮೇಲೆ ಜನ ಕಿಟಕಿ ಮುಚ್ಚಿಕೊಳ್ಳುತ್ತಾರೆ, ನಿನ್ನೆ ನುಗ್ಗಿದ ದಾರಿ ಇವತ್ತಿಲ್ಲ. ಅದೇ ಓಣಿಯನ್ನು ಮತ್ತೆ ಹೊಸದಾಗಿ ಕಲಿಯಬೇಕು. ಮೆಟ್ಟಿಲ ಮೇಲೆ ಕುಳಿತ ಒಬ್ಬ ಅಜ್ಜಿಗೆ ಮಾತ್ರ ಹುಡುಗಿ ಪ್ರತಿಸಲವೂ ಕಾಣುತ್ತಾಳೆ. ಅಜ್ಜಿ ಯಾರಿಗೂ ಹೇಳುವುದಿಲ್ಲ. ಆ ಅಜ್ಜಿ ನನಗೆ ಬಹಳ ಇಷ್ಟವಾದಳು. ಅದೇ ಕಾರಣಕ್ಕೆ ಸಿಟ್ಟೂ ಬಂತು.

“ಆ ಬಾಗಿಲು ನೋಡೇ” ಎಂದಳು ಮೈಸೂರಿನವಳು. “ಊರಿಗೆಲ್ಲ ಒಂದೇ ಬಾಗಿಲು ಬರೆದಿದಾರೆ. ಬಣ್ಣ ಬದಲಾಯಿಸಿ, ಒಂದಕ್ಕೆ ತೋರಣ, ಇನ್ನೊಂದಕ್ಕೆ ಬಿರುಕು. ಎಷ್ಟು ಜಾಣರು ನೋಡು. ನಾನು ಒಂದೊಂದು ಬಾಗಿಲಿಗೆ ಒಂದೊಂದು ತಿಂಗಳು ಕೂತೆ.”

ಅವಳ ಬಾಗಿಲುಗಳು ನನಗೆ ಗೊತ್ತು. ನಮ್ಮ ಆಟದ ಭೂಪಟವಿರುವುದು ಗಿಫ್ಟ್ ಸುತ್ತುವ ಕಾಗದದ ಹಿಂಬದಿಯಲ್ಲಿ. ಉದ್ದನೆಯ ಸುರುಳಿ, ಊರು ಬೆಳೆದಂತೆ ಇನ್ನಷ್ಟು ಬಿಚ್ಚಬಹುದು. ಪ್ರತಿ ಯುಗಾದಿಗೂ ಯಾರದಾದರೂ ಮನೆಯ ಡೈನಿಂಗ್ ಟೇಬಲ್ ಮೇಲೆ ಅದನ್ನು ಹಾಸುತ್ತಿದ್ದೆವು. ಪಾಟ್‌ಲಕ್ ಊಟ. ಒಬ್ಬರು ವಾಂಗೀಭಾತ್ ತಂದರೆ ಇನ್ನೊಬ್ಬರು ಎಣ್ಣೆಗಾಯಿ, ಹ್ಯೂಸ್ಟನ್‌ನಿಂದ ಖಡಕ್ ರೊಟ್ಟಿ. ಆಟಕ್ಕೂ ಹಾಗೆಯೇ ಎಲ್ಲರೂ ಒಂದೊಂದು ತರುತ್ತಿದ್ದೆವು. ಒಂದು ವರ್ಷ ಅವಳು ಹೂವಿನ ಮಾರುಕಟ್ಟೆ ತಂದಳು. ಮರುವರ್ಷ ನಾನು ಚಿಕ್ಕಪೇಟೆಯಂಥ ಗಲ್ಲಿಗಳನ್ನು ಸುರಿದೆ. ಅವನು ಗೋಲಗುಮ್ಮಟದಂಥದ್ದೊಂದನ್ನು ತಂದ: ಈ ಕಡೆ ಪಿಸುಗುಟ್ಟಿದರೆ ಆ ಕಡೆಯ ಕಾವಲುಗಾರನಿಗೆ ಕೇಳಬೇಕು. ಆಮೇಲೆ ಕೆರೆ ಬಂತು, ಕೆರೆಗೆ ದೋಣಿ ಬಂತು, ಕುದುರೆ ಲಾಯ ಬಂತು.

ಯಾರೂ ಯಾವುದನ್ನೂ ಬೇಡ ಎನ್ನಲಿಲ್ಲ. ಅಷ್ಟು ದೂರ ಡ್ರೈವ್ ಮಾಡಿಕೊಂಡು, ಬಿಸಿ ಆರದ ಹಾಗೆ ಟವೆಲ್ ಸುತ್ತಿ ತಂದ ಪಾತ್ರೆಯನ್ನು ಬೇಡ ಎನ್ನಲಾಗುತ್ತದೆಯೇ? ಎಲ್ಲರ ತಟ್ಟೆಗೂ ಎಲ್ಲವನ್ನೂ ಬಡಿಸಿದೆವು. ಸಾಕು ಎಂದವರ ಎಲೆಗೆ ಇನ್ನೊಂದು ಸೌಟು ಹಾಕುವುದೇ ಮರ್ಯಾದೆ ಎಂದು ಬೆಳೆದವರು ನಾವು. ನಮ್ಮ ಊರು ಹೀಗೆ ತಿಂದು ತಿಂದು ಏಳಲಾರದಂತಾಯಿತು. ವೀಸಾದ ತಾಪತ್ರಯವೂ ಇತ್ತು, ಅದರ ಮೇಲಿರುವವರು ಆಫೀಸಿನ ಕೆಲಸ ಬಿಟ್ಟು ಬೇರೆ ದುಡಿಮೆ ಮಾಡುವಂತಿಲ್ಲ. ಗ್ರೀನ್ ಕಾರ್ಡ್ ಬರಲಿ, ಆಮೇಲೆ ಬಿಡುಗಡೆ ಮಾಡೋಣ ಎಂದು ಹೇಳಿಕೊಂಡದ್ದಕ್ಕೆ ಲೆಕ್ಕವಿಲ್ಲ. ಬಿಡುಗಡೆ ಮಾಡಲು ಏನಾದರೂ ಇರಬೇಕಲ್ಲ ಎಂದು ಯಾರೂ ಕೇಳಲಿಲ್ಲ.

ಟಿವಿಯಲ್ಲಿ ಗಂಟೆ ಊರಿಗೆ ವಾಪಸ್ ಬಂತು, ಒಂದೇ ಸಲ ಬಾರಿಸಿತು, ಆಟ ಮುಗಿಯಿತು. ಮಾಡಿದವರ ಹೆಸರುಗಳು ಮೇಲೇರಿದವು. ನಾಲ್ಕು ಹೆಸರು. ಇನ್ನೂ ಬರುತ್ತವೆ ಎಂದು ಕಾದೆವು. ಅಡುಗೆ ಮಾಡಿ ಹಾಕಿದ ಯಾರದೋ ಅಜ್ಜಿಗೊಂದು ಥ್ಯಾಂಕ್ಸ್ ಬಂತು, ಅಷ್ಟೇ.

“ಒಬ್ರು ಕಮ್ಮಿ ಬಿದ್ವಿ ನೋಡ್ರಿ ಅಕ್ಕಾರ” ಎಂದ ಹ್ಯೂಸ್ಟನ್‌ನವನು. ನಕ್ಕೆವು. ನಗು ಬೇಗ ನಿಂತಿತು.

ದೊಡ್ಡ ಕಂಪನಿಯೊಂದು ನೂರಾರು ಜನರನ್ನಿಟ್ಟು ಮಾಡಿದ್ದರೆ ನಮಗೆ ಏನೂ ಅನ್ನಿಸುತ್ತಿರಲಿಲ್ಲ. ಅವರ ಕೈಲಿ ಆಗುತ್ತದೆ, ನಮ್ಮ ಕೈಲಿ ಆಗುವುದಿಲ್ಲ ಎಂದು ಊಟಕ್ಕೆ ಏಳುತ್ತಿದ್ದೆವು. ಈ ಆಟ ನಮ್ಮ ಕೈಯಳತೆಯಲ್ಲೇ ಇತ್ತು. ಹೊಟ್ಟೆ ಉರಿದದ್ದು ಅದಕ್ಕೇ.

ಅವನು ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ನಮ್ಮ ಆಟವನ್ನು ಟಿವಿಗೆ ಹಾಕಿದ. ಅಷ್ಟು ವರ್ಷಗಳಲ್ಲಿ ನಿಜವಾಗಿ ಓಡುತ್ತಿದ್ದದ್ದು ಒಂದೇ ಬೀದಿ. ಅವಳ ಬಾಗಿಲುಗಳು, ನನ್ನ ಗಲ್ಲಿಯ ತಿರುವು, ಕೈಯಲ್ಲಿ ಲಾಟೀನು ಹಿಡಿದ ಒಬ್ಬ ಕಾವಲುಗಾರ. ಬೀದಿಯ ಈ ತುದಿಯಿಂದ ಆ ತುದಿಗೆ ಹೋಗುತ್ತಾನೆ, ನಿಂತು ನೋಡುತ್ತಾನೆ, ತಿರುಗಿ ಬರುತ್ತಾನೆ. ಬೆಳಕು ಬಾಗಿಲುಗಳ ಮೇಲೆ ಚೆನ್ನಾಗಿ ಬೀಳುತ್ತಿತ್ತು.

ಸೌಟು ಹಿಡಿದೇ ಹೊರಗೆ ಬಂದ ನನ್ನ ಗಂಡ ಸ್ವಲ್ಪ ಹೊತ್ತು ನಿಂತು ನೋಡಿದ. “ಚೆನ್ನಾಗಿದೆಯಲ್ಲ. ಕಳ್ಳ ಎಲ್ಲಿ?”

“ಇನ್ನೂ ಮಾಡಿಲ್ಲ” ಎಂದೆ.

“ಮತ್ತೆ ಇವನು ಇಷ್ಟು ವರ್ಷ ಯಾರನ್ನ ಕಾಯ್ತಿದ್ದ?”

ಅವನು ಚುಚ್ಚಬೇಕೆಂದು ಕೇಳಿದ್ದಲ್ಲ. ಕುಕ್ಕರ್ ಕೂಗಿತು, ಒಳಗೆ ಹೋದ. ಕಳ್ಳನ ಉಡುಪು ಹೇಗಿರಬೇಕು ಎಂಬ ಜಗಳವನ್ನು ನಾವು ಕಡೆಗೂ ಮುಗಿಸಿರಲಿಲ್ಲ. ಅವಳಿಗೆ ಕಚ್ಚೆ ಬೇಕಿತ್ತು, ನನಗೆ ಚಲ್ಲಣ. ಇಬ್ಬರಿಗೂ ಬೇಸರವಾಗಬಾರದೆಂದು ಕಳ್ಳನನ್ನೇ ಮುಂದಕ್ಕೆ ಹಾಕಿದ್ದೆವು.

ಹ್ಯೂಸ್ಟನ್‌ನವನು ಲ್ಯಾಪ್‌ಟಾಪ್ ತೊಡೆಯ ಮೇಲೆಳೆದುಕೊಂಡು ಟೈಪ್ ಮಾಡತೊಡಗಿದ. ನಾನು ತಟ್ಟೆ ಲೋಟ ಹಾಕಿ ಬರುವಷ್ಟರಲ್ಲಿ ಬೀದಿಯ ಮಧ್ಯೆ ಒಂದು ಬೂದು ಬಣ್ಣದ ಡಬ್ಬಿ ನಿಂತಿತ್ತು. ಕೈಕಾಲಿಲ್ಲ, ಮುಖವಿಲ್ಲ, ಕಚ್ಚೆ ಚಲ್ಲಣ ಯಾವುದೂ ಇಲ್ಲ. “ಇಂವನ ಕಳ್ಳ” ಎಂದ. ಕೀಲಿಮಣೆಯ ಬಾಣದ ಗುರುತು ಒತ್ತಿದ. ಡಬ್ಬಿ ಗೋಡೆಯ ಪಕ್ಕ ಜರುಗಿತು. ಇನ್ನೊಮ್ಮೆ ಒತ್ತಿದ; ಮೈಸೂರಿನವಳು ತಿಂಗಳು ಕೂತು ಬರೆದ ಬಾಗಿಲಿನ ನೆರಳಿನಿಂದ ಡಬ್ಬಿ ಈಚೆ ಬಂತು.

ಆ ತುದಿಗೆ ಹೋಗಿದ್ದ ಕಾವಲುಗಾರ ನಿಂತ. ತಿರುಗಿದ. ಲಾಟೀನು ಎತ್ತಿ ಹಿಡಿದು ಡಬ್ಬಿಯ ಕಡೆಗೆ ಓಡಿ ಬಂದ.

ಕಳ್ಳ ಕಣ್ಣಿಗೆ ಬಿದ್ದರೆ ಲಾಟೀನು ಎತ್ತಬೇಕು, ಓಡಬೇಕು ಎಂದು ಹ್ಯೂಸ್ಟನ್‌ನವನು ಯಾವ ಕಾಲದಲ್ಲೋ ಬರೆದಿಟ್ಟಿದ್ದ ಕೋಡ್. ಒಮ್ಮೆಯೂ ಕೆಲಸಕ್ಕೆ ಬಂದಿರಲಿಲ್ಲ. ಈಗ ಒಂದು ತಪ್ಪೂ ಇಲ್ಲದೆ ಓಡಿತು. ತಪ್ಪು ಹುಡುಕುವ ನನಗೂ ಒಂದೂ ಕಾಣಲಿಲ್ಲ.

“ಅಂವ ತಯಾರಾಗೇ ಇದ್ದ ನೋಡ್ರಿ” ಎಂದ ಅವನು. ಮೈಸೂರಿನವಳು ಕಣ್ಣೊರೆಸಿಕೊಂಡು ಬಾತ್‌ರೂಮಿಗೆ ಹೋದಳು.

ಊಟಕ್ಕೆ ಕುಳಿತಾಗ ಅವನೇ ಮಾತು ತೆಗೆದ. “ಇಷ್ಟ ಸಾಕು, ನಮ್ಮ ಆಟ ಇಲ್ಲಿಗೇ ಬಿಟ್ಟಬಿಡೂಣ್ರಿ ಅಕ್ಕಾರ. ಅವರು ಮಾಡ್ಯಾರ, ಛಲೋ ಮಾಡ್ಯಾರ. ನೀವು ಪೂರಾ ಮಾರ್ಕ್ಸ್ ಕೊಟ್ಟಬಿಡ್ರಿ.” ನಾವಿಬ್ಬರೂ ತಲೆಯಾಡಿಸಿದೆವು. ಹೋಗುವಾಗ ಭೂಪಟದ ಸುರುಳಿಯನ್ನು ನಮ್ಮ ಮನೆಯಲ್ಲೇ ಬಿಟ್ಟು ಹೋದರು.

ಸಂಚಿಕೆಗೆ ಬರೆದುಕೊಟ್ಟೆ. ಅಂಕಲ್ ಓದಿ ಫೋನ್ ಮಾಡಿದರು. “ಬೇಗ ಮುಗಿಯುತ್ತೆ ಅಂತ ಬರೆದಿದೀಯಲ್ಲಮ್ಮ, ಅದು ಒಳ್ಳೇದೋ ಕೆಟ್ಟದ್ದೋ? ಒಂದು ಕಡೆ ಹೇಳು.” ಒಳ್ಳೆಯದು ಅಂಕಲ್ ಎಂದೆ. ಅದೇ ಇರಲಿ ಎಂದು ಅವರು ಅಚ್ಚಿಗೆ ಕೊಟ್ಟರು.

ಈಗ ಹ್ಯೂಸ್ಟನ್‌ನವನ ಮಗು ತೆವಳುತ್ತದೆಯಂತೆ. ವಿಡಿಯೋ ಕಳಿಸುತ್ತಾನೆ, ನೋಡುತ್ತೇನೆ. ಆ ಮಧ್ಯಾಹ್ನವೂ ನೆನಪಾಗುತ್ತದೆ. ಊಟದ ಮೇಜಿನಲ್ಲಿ ಅವನು ಸಾಕು ಎಂದಾಗ, ಸಾಕೆಂಬ ಮಾತನ್ನು ಯಾವತ್ತೂ ಒಪ್ಪದ ನಾವು ಅವತ್ತು ಮಾತ್ರ ಒಂದೇ ಮಾತಿಗೆ ಒಪ್ಪಿಕೊಂಡೆವು. ಕಾವಲುಗಾರ ಓಡಿ ಬಂದದ್ದನ್ನು ಕಣ್ಣಾರೆ ನೋಡಿಯೂ ಒಪ್ಪಿಕೊಂಡೆವು. ಅದೊಂದು ಸಲ ಅವನು ಕೈ ಅಡ್ಡ ಹಿಡಿದರೂ ಕೇಳದೆ, ಇನ್ನೊಂದು ಸೌಟು ಬಡಿಸಬೇಕಿತ್ತು.