ರಜೆ ಹಾಕಿಸಬೇಕಾಗಿದ್ದ ಹುಡುಗಿ

ನಾಲ್ಕನೇ ತರಗತಿಯ ಟೀಚರಿಗೆ ಆ ಶಾಲೆಯಲ್ಲಿ ಅದು ಇಪ್ಪತ್ತಾರನೇ ವರ್ಷ. ಮೊದಲೆಲ್ಲ ಮಧ್ಯಾಹ್ನದ ಕೊನೆಯ ಪೀರಿಯಡ್ಡಿನಲ್ಲಿ ಮಕ್ಕಳಿಗೆ ಕಥೆ ಓದುತ್ತಿದ್ದರು. ಮೇಲಿನಿಂದ ಎಲ್ಲ ಶಾಲೆಗಳಿಗೂ ಒಂದೇ ಪರೀಕ್ಷೆ ಬಂದ ಮೇಲೆ ಆ ಪೀರಿಯಡ್ಡು ಅಭ್ಯಾಸದ ಹಾಳೆಗಳ ಪಾಲಾಯಿತು. ಪ್ರಶ್ನೆಗೆ ನಾಲ್ಕು ಉತ್ತರ. ಸರಿಯಾದದ್ದರ ಎದುರಿನ ಸೊನ್ನೆಗೆ ಪೆನ್ಸಿಲಿನಲ್ಲಿ ಕಪ್ಪು ತುಂಬಬೇಕು. ಅದನ್ನೇ ಹೇಳಿಕೊಟ್ಟು ಹೇಳಿಕೊಟ್ಟು ಟೀಚರ ಬಾಯಿ ಸವೆದಿತ್ತು. ಮನೆಯಲ್ಲಿ ಗಂಡ, "ಅಡುಗೆ ಏನು ಮಾಡೋಣ?" ಎಂದರೆ, "ನಾಲ್ಕು ಹೆಸರು ಹೇಳಿ, ಒಂದಕ್ಕೆ ಗುರುತು ಹಾಕ್ತೀನಿ" ಎಂದುಬಿಟ್ಟಿದ್ದರು. ಗಂಡ ನಕ್ಕರು, ಇವರಿಗೆ ನಗು ಬರಲಿಲ್ಲ.

ಆ ವರ್ಷ ಪರೀಕ್ಷೆಗೆ ಮೂರು ದಿನವಿದ್ದಾಗ ಹೆಡ್‌ಮಾಸ್ಟರು ಕರೆದರು. ಕೆಟ್ಟವರೇನಲ್ಲ, ಹಿಂದಿನ ವರ್ಷ ಶಾಲೆಯ ಸರಾಸರಿ ಇಳಿದದ್ದಕ್ಕೆ ಮೇಲಿನವರಿಂದ ಉಗಿಸಿಕೊಂಡು ಹೈರಾಣಾಗಿದ್ದರು.

"ಆ ಟೈಲರಮ್ಮನ ಮಗಳನ್ನ ಗುರುವಾರ ಪರೀಕ್ಷೆ ದಿನ ಮನೇಲೇ ಇಟ್ಕೊಳ್ಳೋಕೆ ಹೇಳಿ. ಜ್ವರ ಅಂತ ಬರ್ಕೊಂಡ್ರಾಯ್ತು."

"ಅವಳಿಗೆ ಓದೋಕೆ ಬರುತ್ತೆ ಸರ್. ನಿಧಾನ ಅಷ್ಟೇ."

"ಗಡಿಯಾರಕ್ಕೆ ಅದು ಗೊತ್ತಾಗಲ್ವಲ್ಲ ಮೇಡಂ."

ವಾದ ಮಾಡುವ ತ್ರಾಣ ಇರಲಿಲ್ಲ. ಶಾಲೆ ಬಿಟ್ಟ ಮೇಲೆ ಟೀಚರು ಕಾಲೆಳೆದುಕೊಂಡು ಟೈಲರಮ್ಮನ ಮನೆಗೆ ಹೋದರು. ಮುಂದಿನ ಕೋಣೆಯ ತುಂಬ ಬಟ್ಟೆ ಚೂರು. ಅವುಗಳ ನಡುವೆ ಹುಡುಗಿ ಯಾವುದೋ ಹಳೇ ಪೇಪರನ್ನು ಬೆರಳಿಟ್ಟು ಒಂದೊಂದೇ ಪದ ಓದುತ್ತ ಕೂತಿದ್ದಳು. ತಾಯಿ ಮಗಳನ್ನು ನೀರು ತರಲು ಒಳಗೆ ಕಳಿಸಿದಳು. ಟೀಚರು ತಡಮಾಡದೆ ಹೇಳಿಬಿಟ್ಟರು.

"ಗುರುವಾರ ಅವಳನ್ನ ಕಳಿಸ್ಬೇಡಿ."

ಹೊಲಿಗೆ ಮಿಷನ್ನು ನಿಂತಿತು. "ಅವಳ ಕೈಲಿ ಆಗಲ್ಲ ಅಂತಾನಾ ಟೀಚರ್?"

"ಹಾಗಲ್ಲ... ಟೈಮ್ ಸಾಲಲ್ಲ ಅವಳಿಗೆ."

ತಾಯಿ ಸೂಜಿಗೆ ದಾರ ಪೋಣಿಸುತ್ತಲೇ ಮಾತಾಡಿದಳು. ಸಿಟ್ಟೇನೂ ಇರಲಿಲ್ಲ. "ಇನ್ಸ್‌ಪೆಕ್ಟರ್ ಬರೋ ದಿನ ನನಗೂ ಹೀಗೇ ಮನೇಲಿರು ಅಂದಿದ್ರು. ಆಮೇಲೆ ಶಾಲೆಗೆ ಹೋಗೋಕೆ ಮನಸ್ಸೇ ಬರ್ಲಿಲ್ಲ. ನೀವು ಹೇಳಿದ್ಮೇಲೆ ಬೇಡ ಬಿಡಿ, ಕಳಿಸಲ್ಲ."

ಹುಡುಗಿ ನೀರು ತಂದುಕೊಟ್ಟಳು. ಟೀಚರು ಕುಡಿಯದೆ ಲೋಟ ಕೆಳಗಿಟ್ಟು ಎದ್ದರು.

"ಕಳಿಸಿ. ನಾನು ಬಂದಿದ್ದನ್ನೇ ಮರೆತುಬಿಡಿ."

ಗುರುವಾರ ಹುಡುಗಿ ಎಲ್ಲರಿಗಿಂತ ಮೊದಲೇ ಬಂದಳು. ಗಂಟೆ ಹೊಡೆದಾಗ ಮೂವತ್ತು ಪ್ರಶ್ನೆಗಳಲ್ಲಿ ಹದಿನೇಳಕ್ಕೆ ಗುರುತು ಹಾಕಿದ್ದಳು, ಉಳಿದದ್ದೆಲ್ಲ ಖಾಲಿ.

"ಅವಕ್ಕೂ ಏನಾದ್ರೂ ತುಂಬಬೋದಿತ್ತಲ್ಲೇ?" ಎಂದರು ಟೀಚರು.

"ಅವನ್ನ ಇನ್ನೂ ಓದೇ ಇರ್ಲಿಲ್ಲ ಟೀಚರ್."

ಫಲಿತಾಂಶ ಬಂದಾಗ ಅವಳ ಹದಿನೇಳರಲ್ಲಿ ಹದಿನೈದು ಸರಿಯಿದ್ದವು. ಪಟ್ಟಿಯಲ್ಲಿದ್ದದ್ದು ಮೂವತ್ತಕ್ಕೆ ಹದಿನೈದು ಎಂದಷ್ಟೇ, ಅದನ್ನು ಬರೆಯುವುದಕ್ಕೆ ಜಾಗವಿರಲಿಲ್ಲ. ಸರಾಸರಿ ಮತ್ತೆ ಇಳಿಯಿತು. ಹೆಡ್‌ಮಾಸ್ಟರು ಮುಖ ನೋಡದೆ, "ಬರೋ ವರ್ಷ ನೀವು ಒಂದನೇ ಕ್ಲಾಸ್ ತಗೊಳ್ಳಿ" ಎಂದರು. ಅಲ್ಲಿ ಪರೀಕ್ಷೆಯಿಲ್ಲ, ಶಾಲೆಯಲ್ಲಿ ಅದನ್ನು ಶಿಕ್ಷೆ ಎಂದೇ ಎಲ್ಲರೂ ತಿಳಿದಿದ್ದರು. ಟೀಚರಿಗೆ ಗೆದ್ದ ಹಾಗೂ ಅನ್ನಿಸಲಿಲ್ಲ, ಸೋತ ಹಾಗೂ ಅನ್ನಿಸಲಿಲ್ಲ. ಬೀರುವಿನಲ್ಲಿದ್ದ ಕಥೆ ಪುಸ್ತಕಗಳನ್ನು ಎರಡು ಸಲಕ್ಕೆ ಹೊತ್ತು ಕೆಳಗಿನ ಒಂದನೇ ತರಗತಿಯ ಕೋಣೆಗೆ ಸಾಗಿಸಿದರು. ಆಮೇಲೆ ಪುಟ್ಟ ಮಕ್ಕಳ ಗಿಡ್ಡ ಬೆಂಚಿನ ಮೇಲೆ ಕೂತು ಸ್ವಲ್ಪ ಹೊತ್ತು ಮೊಣಕಾಲು ನೀವಿಕೊಂಡರು.