ತಾರವ್ವನ ಟವೆಲ್

ಗಡಹಿಂಗ್ಲಜ ಬಸ್ ಸ್ಟ್ಯಾಂಡಿನಲ್ಲಿ ತಾರವ್ವನ ಟವೆಲ್ ಬಿದ್ದ ಸೀಟಿನಲ್ಲಿ ಬೇರೆಯವರು ಕೂತದ್ದನ್ನು ಕಂಡವರು ಇನ್ನೂ ಹುಟ್ಟಿಲ್ಲ. ಐರಾವತದ ಕಾಲು ಉಳುಕಿ, ಸಾಕ್ಷಾತ್ ಇಂದ್ರನೇ ಕೊಲ್ಹಾಪುರದ ಬಸ್ಸು ಹತ್ತಿದನೆನ್ನಿ, ಆ ಟವೆಲ್ ಕಂಡರೆ ಕಂಬಿ ಹಿಡಿದು ನಿಂತೇ ಹೋಗುತ್ತಾನೆ. ಇಚಲಕರಂಜಿ ಮಗ್ಗದ ಮಾಲು, ಹಸಿರು ಅಂಚು. ಮಾರಿದವನು ನಾನೇ.

ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ಲನ್ನೋ ಟೋಪಿಯನ್ನೋ ಎಸೆಯಬೇಕು; ಅದು ಬಿದ್ದ ಸೀಟು ಎಸೆದವರದು. ಈ ಕಾಯ್ದೆಯನ್ನು ಯಾವ ಸರ್ಕಾರವೂ ಬರೆದಿಲ್ಲ, ಹಾಗಾಗಿಯೇ ಎಲ್ಲರೂ ಪಾಲಿಸುತ್ತಾರೆ. ಗೇಣು ಬದುವಿಗಾಗಿ ಅಣ್ಣತಮ್ಮಂದಿರು ಮೂರು ತಲೆಮಾರು ಕೋರ್ಟಿಗೆ ಅಲೆದ ಊರು ನಮ್ಮದು. ಟವೆಲ್ಲಿಗಾಗಿ ಒಬ್ಬನೂ ಅಲೆದಿಲ್ಲ.

ತಾರವ್ವ ನೂಲ ಎಂಬ ಹಳ್ಳಿಯವಳು. ಗಂಡ ನಾಮದೇವನ ಮೂತ್ರಪಿಂಡ ಕೈಕೊಟ್ಟು ಆರು ವರ್ಷವಾಯಿತು. ಸೋಮವಾರ ಮತ್ತು ಗುರುವಾರ ಕೊಲ್ಹಾಪುರದಲ್ಲಿ ಡಯಾಲಿಸಿಸ್. ನೂಲದಿಂದ ವಡಾಪ್ ಜೀಪು, ಅಂದರೆ ಹತ್ತು ಜನರ ಜಾಗದಲ್ಲಿ ಇಪ್ಪತ್ತೆರಡು ಜನ ಮತ್ತು ಒಂದು ಆಡು. ಸ್ಟ್ಯಾಂಡಿನಲ್ಲಿ ಗಂಡನನ್ನು ಬೆಂಚಿನ ಮೇಲೆ ಕೂರಿಸಿ, ಬಸ್ಸು ಬರುವ ಕಡೆ ಹೋಗಿ ನಿಲ್ಲುತ್ತಾಳೆ. ಟವೆಲ್ ಒಂದೇ, ಸೀಟೂ ಒಂದೇ. ಅವನು ಕೂರುತ್ತಾನೆ, ಅವಳು ಪಕ್ಕದಲ್ಲಿ ನಿಲ್ಲುತ್ತಾಳೆ. ಒಮ್ಮೆ ಅವಳಿಗೆ ಜ್ವರ ಬಂದು, ಗಂಡನನ್ನು ಮೈದುನ ಕರೆದುಕೊಂಡು ಹೋಗಿದ್ದ. ಮೈದುನನಿಗೆ ಟವೆಲ್ ಎಸೆಯಲು ಬರಲಿಲ್ಲ. ನಿಂತು ಹೊರಟ ನಾಮದೇವ ನಿಪ್ಪಾಣಿ ದಾಟುವುದರೊಳಗೆ ಬಿದ್ದು ತಲೆ ಒಡೆದುಕೊಂಡ. ‘ಇನ್ನೊಮ್ಮೆ ಹೀಗೆ ಬಿದ್ದರೆ ಉಳಿಯುವುದು ಕಷ್ಟ’ ಎಂದು ಡಾಕ್ಟರು ಹೇಳಿಬಿಟ್ಟರು.

ಮೊದಲ ವರ್ಷ ತಾರವ್ವ ಅಳುತ್ತಿದ್ದಳು. ಎರಡನೆಯ ವರ್ಷ ಕಂಡಕಂಡವರ ಜೊತೆ ಜಗಳ ಆಡುತ್ತಿದ್ದಳು. ಈಗ ಎರಡೂ ಇಲ್ಲ. ಮುಖ ಸುಣ್ಣ ಬಳಿದ ಗೋಡೆ. ದೇವರಿದ್ದಾನೇನವ್ವಾ ಎಂದು ಯಾರಾದರೂ ಕೇಳಿದರೆ, ಕಿರಾಣಿ ಅಂಗಡಿ ತೆರೆದಿದೆಯೇ ಎಂದು ಕೇಳಿದವರಿಗೆ ಹೇಳುವಂತೆ, “ಇರಬೇಕ್ರಿ” ಎನ್ನುತ್ತಾಳೆ.

ಬಟ್ಟೆ ತರಲು ವಾರಕ್ಕೆರಡು ಸಲ ಇಚಲಕರಂಜಿಗೆ ಹೋಗುವ ನನಗೂ ಕೊಲ್ಹಾಪುರದವರೆಗೆ ಅದೇ ಬಸ್ಸು. ಅವಳನ್ನು ಒಂದು ಸಲವಾದರೂ ನಗಿಸಬೇಕೆಂದು ಹಟ ಹಿಡಿದಿದ್ದೆ.

“ತಾರವ್ವಾ, ನಮ್ಮೂರಿಗೆ ರೈಲು ಬರತೈತಂತ. ನಮ್ಮಜ್ಜ ಸಾಯೂ ಮುಂದ ‘ನನ್ನ ಹೆಣ ಎರಡು ದಿನ ಇಡ್ರಿ, ರೈಲು ಬಂದ್ರೂ ಬಂದೀತು’ ಅಂದಿದ್ದ.”

ಅವಳು ನಗಲಿಲ್ಲ. “ರೈಲಿನ ಕಿಡಕಿ ತಗೀತಾವೇನ್ರಿ?”

“ತಗೀತಾವ. ಹಾತಕಣಂಗಲೆ ಸ್ಟೇಶನ್ನಿನ್ಯಾಗ ನಾನ ನೋಡೇನಿ.”

“ಹಂಗಾದ್ರ ಬರಲಿ ಬಿಡ್ರಿ.”

ರೈಲು ಬರಲಿಲ್ಲ. ಒಂದು ಗುರುವಾರ ಹೊಸ ವಿದ್ಯುತ್ ಬಸ್ಸು ಬಂತು. ಹಾಲಿನಂಥ ಬಣ್ಣ, ಒಳಗೆಲ್ಲ ತಂಪು ಗಾಳಿ, ಬೆಕ್ಕು ಅಡಿಗೆಮನೆಗೆ ಬಂದಷ್ಟೇ ಸದ್ದು. ತಾರವ್ವ ಪಕ್ಕದಲ್ಲೇ ಓಡಿ, ಆರು ವರ್ಷ ಪಳಗಿದ ಕೈಯಿಂದ ಟವೆಲ್ ಎಸೆದಳು. ಅದು ಗಾಜಿಗೆ ಬಡಿದು, ಹಲ್ಲಿಯ ಹಾಗೆ ಒಂದು ಕ್ಷಣ ಅಂಟಿಕೊಂಡು ಜಾರಿತು. ಆ ಕಿಟಕಿಗಳು ತೆರೆಯುವಂಥವಲ್ಲ. ಅವಳ ಕೈಗೆ ಅದು ತಿಳಿಯಲಿಲ್ಲ. ಎತ್ತಿಕೊಂಡು ಮತ್ತೆ ಎಸೆದಳು. ಮತ್ತೆ ಜಾರಿತು.

ಅಷ್ಟರಲ್ಲಿ ಮುಂದಿನ ಬಾಗಿಲು ತೆರೆದುಕೊಂಡಿತು, ಜನ ನುಗ್ಗಿದರು. ನಾನೂ ನುಗ್ಗಿದೆ. ಎಪ್ಪತ್ತೆರಡು ವರ್ಷದ ಈ ಮೊಣಕಾಲು ಬಸದಿಯ ಮೂರು ಮೆಟ್ಟಿಲಿಗೆ ಆರು ಸಲ ವಿಶ್ರಾಂತಿ ಕೇಳುತ್ತದೆ; ಅಂದು ಚಿರತೆಯಾಯಿತು. ಕಿಟಕಿಯ ಸೀಟು ಹಿಡಿದು ತಿರುಗಿ ನೋಡುತ್ತೇನೆ, ಅವಳು ಮೂರನೆಯ ಸಲ ಎಸೆದ ಟವೆಲ್ ನನ್ನ ಮೂಗಿನ ಎದುರೇ ಇಳಿಯುತ್ತಿತ್ತು. ಗಾಜಿನ ಆಚೆ ಅದು, ಈಚೆ ನಾನು.

ಅವಳು ಅದನ್ನು ಎತ್ತಿ ಕೊಡವಿ, ಬೆಂಚಿನ ಕಡೆ ಹೋದಳು. ಗಂಡನ ರಟ್ಟೆ ಹಿಡಿದು ಹತ್ತಿಸುವಷ್ಟರಲ್ಲಿ ಎಲ್ಲ ಸೀಟೂ ತುಂಬಿತ್ತು. ನಾಮದೇವನ ಕಾಲು ಆಗಲೇ ನಡುಗುತ್ತಿತ್ತು. ಮುಂದಿನ ಬಸ್ಸಿಗೆ ಕಾದರೆ ಡಯಾಲಿಸಿಸ್ ಮಷೀನಿನ ಪಾಳಿ ತಪ್ಪುತ್ತದೆ. ನಾನು ಕಣ್ಣು ಮುಚ್ಚಿ ನಿದ್ದೆ ನಟಿಸಿದೆ. ಎಷ್ಟು ಚೆನ್ನಾಗಿ ಗೊರಕೆ ಹೊಡೆದೆನೆಂದರೆ, ಅಂತೂ ಎಂಜಿನ್ ಚಾಲೂ ಆಯಿತೆಂದು ಹಿಂದಿನ ಸೀಟಿನವರು ಕೈಮುಗಿದರು.

ತೊಡೆಯ ಮೇಲೆ ಏನೋ ಮೆತ್ತಗೆ ಬಿತ್ತು. ಕಣ್ಣು ಬಿಟ್ಟರೆ ಹಸಿರು ಅಂಚು.

“ಇದೇನ ತಾರವ್ವಾ? ಟಾವೆಲ್ ಕಿಡಕ್ಯಾಗಿಂದ ಬಿದ್ರ ಅಷ್ಟ ನಡೀತೈತಿ. ಮತ್ತ ಇಲ್ಲೆ ನಾ ಕೂತೇನಲ್ಲ?”

“ಹೌದ್ರಿ ಪಾರೀಸಣ್ಣಾ, ಕೂತೀರಿ” ಎಂದಳು. ಸಿಟ್ಟಿಲ್ಲ, ಬೇಡಿಕೆಯಿಲ್ಲ. ಟವೆಲ್ ತೆಗೆಯಲೂ ಇಲ್ಲ.

ಕಂಡಕ್ಟರ್ ಸ್ನೇಹಲ ಟಿಕೆಟ್ ಮಷೀನಿನಿಂದ ತಲೆ ಎತ್ತಿದಳು. “ಟಾವೆಲ್ ಬಿದ್ದೈತಲ್ರಿ ಅಜ್ಜಾರ, ಏಳ್ರಿ. ಚಲಾ, ಬಾಕಿಚೇ ಪುಢೇ ಸರಕಾ!” ಎಂದು ಉಳಿದವರನ್ನು ಮರಾಠಿಯಲ್ಲಿ ಮುಂದಕ್ಕೆ ಸರಿಸಿದಳು.

ಬಸ್ಸಿಗೆ ಬಸ್ಸೇ ನನ್ನನ್ನು ನೋಡುತ್ತಿತ್ತು. ಎದ್ದೆ. ನಾಮದೇವ ಕೂತು, ತಲೆಯನ್ನು ಗಾಜಿಗೆ ಆನಿಸಿ ಕಣ್ಣು ಮುಚ್ಚಿದ. ಅವನದು ನಿಜವಾದ ನಿದ್ದೆ. ನಾನು ಕಂಬಿ ಹಿಡಿದು ಇಂದ್ರನಾದೆ.

ಸಂಕೇಶ್ವರ ಹೋಯಿತು, ನಿಪ್ಪಾಣಿ ಹೋಯಿತು. ತಾರವ್ವ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದಳು. ಕಾಗಲ ಬರುವಷ್ಟರಲ್ಲಿ ನನ್ನ ಮೊಣಕಾಲು ಚಿರತೆಯ ಕೆಲಸ ಬಿಟ್ಟಿತ್ತು. ಮಾನ ಉಳಿಸಿಕೊಳ್ಳಲು ನಾನೇ ಬುದ್ಧಿ ಹೇಳಹೊರಟೆ.

“ತಾರವ್ವಾ, ಇನ್ನಮ್ಯಾಲ ಎಲ್ಲಾ ಇಂಥಾ ಬಸ್ಸ ಬರತಾವ. ಕಿಡಕಿ ತಗ್ಯಾಂಗಿಲ್ಲ. ನಿನ್ನ ಟಾವೆಲ್ ಕಾಲ ಮುಗೀತು. ಸೋಮವಾರ ಏನ ಮಾಡತಿ?”

ಅವಳು ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡಳು.

“ಸೋಮವಾರನೂ ನೀವು ಹಿಂಗ ಎಲ್ಲಾರ್ಗಿಂತ ಮೊದಲ ಹತ್ತಿ ಕೂಡ್ರಿ ಪಾರೀಸಣ್ಣಾ. ಟಾವೆಲ್ ನಾ ತರತೇನಿ.”